ಮರದ ಅಂತರ್ದೋಷಗಳ ಧ್ವನಿಪರೀಕ್ಷೆ

ಮರದ ಕಾಂಡ, ತೊಲೆ, ಕಂಬ, ಹಲಗೆ ಮೊದಲಾದವನ್ನು ಕೊಯ್ದು ಸೀಳದೆ, ಅವುಗಳ ಮೂಲಕ ಧ್ವನಿತರಂಗಗಳನ್ನು ಹಾಯಿಸಿ, ಆ ತರಂಗಗಳು ಹಾದುಬರಲು ತೆಗೆದುಕೊಂಡ ಕಾಲವನ್ನಾಗಲಿ, ಹಾದಿಯಲ್ಲಿ ಕಳೆದುಕೊಂಡ ಬಲವನ್ನಾಗಲಿ, ಅವು ಎಬ್ಬಿಸಿದ ಅನುರಣನದ ಆವೃತ್ತಿಯನ್ನಾಗಲಿ ಅಳೆದು, ಒಳಗೆ ಅಡಗಿರಬಹುದಾದ ಕೊಳೆತ, ಪೊಳ್ಳು, ಬಿರುಕು, ಗಂಟು, ಹುಳುಕು ಮುಂತಾದ ದೋಷಗಳನ್ನು ಗ್ರಹಿಸುವ ನಾನಾ ವಿಧಾನಗಳಿಗೆ ಸಮುಚ್ಚಯವಾಗಿ ಧ್ವನಿಪರೀಕ್ಷೆಯೆಂಬ ಹೆಸರು ಸಲ್ಲುತ್ತದೆ. ಪರೀಕ್ಷಿಸಿದ ವಸ್ತುವನ್ನು ಕೆಡಿಸದೆ ಉಳಿಸುವ ಅನಾಶಕ ಪರೀಕ್ಷೆಗಳಲ್ಲಿ ಇದು ಒಂದು ಮುಖ್ಯ ಶಾಖೆ. ಮೊದಲಿಗೇ ತಿಳಿದಿರಬೇಕಾದ ಸಂಗತಿಯೆಂದರೆ, ಧ್ವನಿಗೆ ಕೊಳೆತವನ್ನು ಕಾಣುವ ಕಣ್ಣಿಲ್ಲ. ತಾನು ನಡೆದ ದಾರಿ ಎಷ್ಟು ಬಿಗಿಯಾಗಿತ್ತು, ಎಷ್ಟು ಭಾರವಾಗಿತ್ತು ಎಂಬುದರ ಫಲವಾದ ಒಂದು ಕಾಲಮಾನವನ್ನಷ್ಟೇ ಅದು ಹೊತ್ತು ತರುತ್ತದೆ. ಪರ್ವತದ ಮೇಲಣ ಹೊಗೆಯನ್ನು ಕಂಡು ಅಗ್ನಿಯನ್ನು ನಿಶ್ಚಯಿಸುವ ತಾರ್ಕಿಕನಂತೆ ಪರೀಕ್ಷಕನು ಆ ಕಾಲಮಾನದಿಂದ ದೋಷವನ್ನು ಅನುಮಾನಿಸಬೇಕು. ಅವನ ವ್ಯಾಪ್ತಿಜ್ಞಾನ, ಎಂದರೆ ಕಾಲಮಾನಕ್ಕೂ ದೋಷಕ್ಕೂ ಇರುವ ನಿಯತಸಂಬಂಧದ ಅರಿವು, ಎಷ್ಟು ದೃಢವೋ ಅವನ ನಿರ್ಣಯವೂ ಅಷ್ಟೇ ದೃಢ.

ಇಂಥ ಪರೀಕ್ಷೆಯ ಅಗತ್ಯ ಮರದ ರಚನೆಯಿಂದಲೇ ಹುಟ್ಟುತ್ತದೆ. ಬೆಳೆದ ಮರದಲ್ಲಿ ನೀರು ಮೇಲೇರುವುದು ತೊಗಟೆಯ ಒಳಮಗ್ಗುಲಿನ ಎಳೆಯ ವಲಯಗಳಲ್ಲಿ. ನಡುವಣ ಚೇಗಿನ ಕೋಶಗಳು ಸತ್ತು, ಕಾಂಡಕ್ಕೆ ಆಧಾರವಾಗಿ ನಿಂತಿರುತ್ತವೆಯೇ ಹೊರತು ಸಸ್ಯದ ದೈನಂದಿನ ವ್ಯಾಪಾರದಲ್ಲಿ ಅವುಗಳ ಪಾಲು ಅತ್ಯಲ್ಪ. ಆದುದರಿಂದ ಮುರಿದ ಕೊಂಬೆಯ ಗಾಯದಿಂದಲೋ ಬೇರಿನ ಕಡೆಯಿಂದಲೋ ಒಳಹೊಕ್ಕ ಶಿಲೀಂಧ್ರವು ಚೇಗನ್ನೆಲ್ಲ ತಿಂದು ಪೊಟರೆ ಮಾಡಿದರೂ ಮರ ಎಂದಿನಂತೆ ಚಿಗುರುತ್ತದೆ, ಹೂ ಬಿಡುತ್ತದೆ, ನೋಡುವವರಿಗೆ ಆರೋಗ್ಯದ ಪ್ರತಿಮೆಯಾಗಿಯೇ ತೋರುತ್ತದೆ. ಕಡಿದು ಕಟ್ಟಡಕ್ಕೆ ಸೇರಿಸಿದ ನಾಟಾದ ಪಾಡೂ ಇದಕ್ಕಿಂತ ಬೇರೆಯಲ್ಲ: ಗೋಡೆಯೊಳಗೆ ಹುದುಗಿದ ತೊಲೆಯ ತುದಿ, ನೆಲಮಟ್ಟದಲ್ಲಿ ಸದಾ ತೇವವನ್ನು ಹೀರುವ ಕಂಬದ ಬುಡ, ಎರಡು ಮರಗಳು ಕೂಡುವ ಬೆಸುಗೆ—ಇವು ಕೊಳೆಯುವುದು ಒಳಗಿನಿಂದಲೇ. ಬಣ್ಣವೂ ಎಣ್ಣೆಯೂ ಹೊರಮೈಯ ಗೌರವವನ್ನು ಕಾಪಾಡುತ್ತಿರುವಾಗ ಒಳಮೈ ಲಡ್ಡಾಗಿರುವುದುಂಟು.

ಬಡಗಿಯ ಸುತ್ತಿಗೆ ಈ ಶಾಸ್ತ್ರದ ಆದಿ. ಗಟ್ಟಿಮರ ಬಡಿದಾಗ ಕಣಕಣನೆ ಮರುನುಡಿಯುತ್ತದೆ, ಹುಳುಕುಮರ ಬೊದ್ದೆನ್ನುತ್ತದೆ ಎಂಬುದು ಎಲ್ಲ ನಾಡುಗಳ ಕುಶಲಕರ್ಮಿಗಳೂ ಬಲ್ಲ ವಿಷಯ. ಇದಕ್ಕೆ ಸಿಕ್ಕುವ ಲಿಖಿತ ಸಾಕ್ಷ್ಯವೂ ಸಾಕಷ್ಟು ಪ್ರಾಚೀನವಾದುದೇ. ಕ್ರಿ.ಶ. 79ರಲ್ಲಿ ವೆಸೂವಿಯಸ್ ಅಗ್ನಿಪರ್ವತ ಸಿಡಿದಾಗ ಮಡಿದ ರೋಮನ್ ಪಂಡಿತ ಹಿರಿಯ ಪ್ಲಿನಿ, ತನ್ನ ‘ನ್ಯಾಚುರಲ್ ಹಿಸ್ಟರಿ’ಯ 16ನೆಯ ಭಾಗದಲ್ಲಿ ಕಾಡುಮರಗಳನ್ನು ಕುರಿತು ಹೇಳುವಾಗ, ಎಷ್ಟೇ ಉದ್ದದ ತೊಲೆಯಾಗಲಿ ಅದರ ಒಂದು ತುದಿಗೆ ಕಿವಿಯಿಟ್ಟರೆ ಮತ್ತೊಂದು ತುದಿಯಲ್ಲಿ ಬರೆಯುವ ಕಂಟದಿಂದ ತಟ್ಟಿದ ಸದ್ದು ಕೂಡ ಕೇಳಿಸುವುದೆಂದೂ, ನಾರು ತಿರುಚಿದೆಯೋ ಗಂಟುಗಳು ಅಡ್ಡಬಂದಿವೆಯೋ ಎಂಬುದನ್ನು ಆ ಮೂಲಕ ತಿಳಿಯಬಹುದೆಂದೂ ದಾಖಲಿಸಿದ್ದಾನೆ. ಇಂದಿನ ಉಪಕರಣಗಳ ತತ್ತ್ವವೆಲ್ಲ ಈ ಒಂದು ಉಲ್ಲೇಖದಲ್ಲಿ ಬೀಜರೂಪವಾಗಿ ಅಡಗಿದೆ: ಆಘಾತ, ಮಾಧ್ಯಮ, ಶ್ರೋತೃ, ಮತ್ತು ಮಾಧ್ಯಮದ ಗುಣವನ್ನು ಕುರಿತ ತೀರ್ಮಾನ. ಮುಂದಿನ ಹದಿನೇಳು ಶತಮಾನಗಳಲ್ಲಿ ಇದಕ್ಕೆ ಗಣಿತದ ಬೆಂಬಲ ದೊರೆಯಲಿಲ್ಲವೆಂಬುದು ಆಶ್ಚರ್ಯವೇನಲ್ಲ. ಅಷ್ಟು ಸೂಕ್ಷ್ಮವಾದ ಕಾಲವನ್ನು ಅಳೆಯುವ ಸಾಧನವೇ ಆಗ ಇರಲಿಲ್ಲ.

ಕಾಲವನ್ನು ನೇರವಾಗಿ ಅಳೆಯಲಾರದವರು ಸ್ವರವನ್ನು ಅಳೆದರು. ಜರ್ಮನಿಯ ಅರ್ನ್‌ಸ್ಟ್ ಕ್ಲಾಡ್ನಿ ಹದಿನೆಂಟನೆಯ ಶತಮಾನದ ಕೊನೆಯ ವರ್ಷಗಳಲ್ಲಿ ಲೋಹದ ಹಾಗೂ ಮರದ ಸರಳುಗಳನ್ನು ಉದ್ದನೆ ಉಜ್ಜಿ, ಅವು ಹೊರಡಿಸುವ ಸ್ವರದ ಎತ್ತರದಿಂದ ಅವುಗಳಲ್ಲಿ ಧ್ವನಿಯ ವೇಗವನ್ನು ಗಣಿಸಿದನು. ಮರದಲ್ಲಿ ಧ್ವನಿ ಗಾಳಿಯಲ್ಲಿ ಸಾಗುವುದಕ್ಕಿಂತ ಅನೇಕ ಮಡಿ ವೇಗವಾಗಿ ಸಾಗುವುದೆಂಬುದು ಹೀಗೆ ಸಂಖ್ಯಾರೂಪದಲ್ಲಿ ಸಿದ್ಧವಾಯಿತು. 1848ರಲ್ಲಿ ಶೆವಾಂಡಿಯೆ ಮತ್ತು ವೆರ್ಥೆಮ್ ಎಂಬ ಇಬ್ಬರು ಫ್ರಾನ್ಸಿನ ವೋಜ್ ಪರ್ವತಪ್ರಾಂತದ ಮರಗಳನ್ನು ಇದೇ ಬಗೆಯ ಕಂಪನಗಳಿಂದ ಪರೀಕ್ಷಿಸಿ, ದಾರುವಿನ ಯಾಂತ್ರಿಕ ಗುಣಗಳನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಈ ವಿದ್ಯೆಗೆ ಹೊಸ ಕಸುವು ಬಂದುದು ಲೋಹಶಾಸ್ತ್ರದ ಕಡೆಯಿಂದ. ಕ್ಯೂರಿ ಸಹೋದರರು 1880ರಲ್ಲಿ ಕಂಡುಹಿಡಿದಿದ್ದ ಸ್ಫಟಿಕಗಳ ಒತ್ತಡವಿದ್ಯುತ್ತಿನ ಗುಣವನ್ನು ಬಳಸಿ ಶ್ರವಣಾತೀತ ಧ್ವನಿಯನ್ನು ಹುಟ್ಟಿಸುವುದು ಸಾಧ್ಯವಾದ ಮೇಲೆ, ರಷ್ಯದ ಸರ್ಗೆ ಸೊಕೊಲೊವ್ 1920ರ ದಶಕದ ಅಂತ್ಯದಲ್ಲಿ ಅದರಿಂದ ಲೋಹದೊಳಗಿನ ಬಿರುಕುಗಳನ್ನು ಹುಡುಕಬಹುದೆಂದು ಸೂಚಿಸಿದನು. ಮರದ ಪಾಳಿ ಬಂದುದು ತುಸು ತಡವಾಗಿ. ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಮ್ಯಾಡಿಸನ್ ನಗರದಲ್ಲಿ 1910ರಲ್ಲಿ ಸ್ಥಾಪಿತವಾದ ಅರಣ್ಯೋತ್ಪನ್ನ ಪ್ರಯೋಗಾಲಯ ಈ ಕ್ಷೇತ್ರದ ತವರುಮನೆಯೆನ್ನಬಹುದು. ಮರದ ಅನಾಶಕ ಪರೀಕ್ಷೆಯನ್ನು ಕುರಿತ ಮೊದಲ ವಿಚಾರಸಂಕಿರಣ 1963ರಲ್ಲಿ ನಡೆದುದೂ ಅದೇ ಊರಿನಲ್ಲಿ. ಬಳಿಕ ವಾಷಿಂಗ್‌ಟನ್ ಪ್ರಾಂತದ ವಿಶ್ವವಿದ್ಯಾಲಯದಲ್ಲಿ ರಾಯ್ ಪೆಲರಿನ್, ಹಂಗೆರಿಯ ಶೊಪ್ರೊನ್ ನಗರದಲ್ಲಿ ಫೆರೆಂಟ್ಸ್ ದಿವೊಶ್, ಫ್ರಾನ್ಸಿನಲ್ಲಿ ವೊಯ್ಕಿತಾ ಬುಕುರ್ ಮೊದಲಾದವರು ಇದನ್ನು ಬೆಳೆಸಿದರು. ದಾರುವಿನ ಧ್ವನಿಶಾಸ್ತ್ರವನ್ನು ಕುರಿತ ಬುಕುರ್ ಅವರ ಗ್ರಂಥ ಇಂದಿಗೂ ಅಭ್ಯಾಸಿಗಳ ಕೈಪಿಡಿಯಾಗಿದೆ.

ಇನ್ನು ತತ್ತ್ವವಿಚಾರ. ಘನವಸ್ತುವಿನ ತೆಳುಸರಳಿನಲ್ಲಿ ಧ್ವನಿವೇಗದ ವರ್ಗವು ಆ ವಸ್ತುವಿನ ಸ್ಥಿತಿಸ್ಥಾಪಕತ್ವದ ಗುಣಾಂಕವನ್ನು ಸಾಂದ್ರತೆಯಿಂದ ಭಾಗಿಸಿದಾಗ ಬರುವ ಲಬ್ಧಕ್ಕೆ ಸಮ. ನಾರಿನ ಗುಂಟ ಪ್ರತಿ ಚದರ ಮಿಲಿಮೀಟರಿಗೆ 12,000 ನ್ಯೂಟನ್ ಗುಣಾಂಕವೂ ಪ್ರತಿ ಘನ ಮೀಟರಿಗೆ 500 ಕಿಲೊಗ್ರಾಂ ಸಾಂದ್ರತೆಯೂ ಉಳ್ಳ ಒಣಮರವನ್ನು ತೆಗೆದುಕೊಂಡರೆ, ವೇಗವು ಸೆಕೆಂಡಿಗೆ ಸುಮಾರು 4,900 ಮೀಟರ್ ಆಗುತ್ತದೆ. ಉಕ್ಕಿನ ಸರಳಿನಲ್ಲಿ ಅದು 5,100 ಮೀಟರಿನ ಆಸುಪಾಸಿನಲ್ಲಿರುತ್ತದೆಂಬುದನ್ನು ನೆನೆದರೆ, ನೀರಿನ ಮೇಲೆ ತೇಲುವ ಈ ಹಗುರವಸ್ತು ಧ್ವನಿವಹನದಲ್ಲಿ ಉಕ್ಕಿಗೆ ಹೆಚ್ಚುಕಡಮೆ ಸರಿದೊರೆಯಾಗಿ ನಿಲ್ಲುವುದನ್ನು ಕಂಡು ಯಾರಾದರೂ ವಿಸ್ಮಯಪಡಬೇಕಾದುದೇ. ಆದರೆ ಈ ಕೀರ್ತಿ ಒಂದು ದಿಕ್ಕಿಗೆ ಮಾತ್ರ ಮೀಸಲು. ನಾರಿಗೆ ಅಡ್ಡಲಾಗಿ ಹಾಯಿಸಿದರೆ ವೇಗ ಸೆಕೆಂಡಿಗೆ 1,000ದಿಂದ 2,000 ಮೀಟರಿನವರೆಗೆ ಇಳಿದುಹೋಗುತ್ತದೆ. ಏಕೆಂದರೆ ಅಲ್ಲಿ ತರಂಗವು ಕೋಶದ ಉದ್ದನೆಯ ಗೋಡೆಯಲ್ಲಿ ನೇರವಾಗಿ ಓಡಲಾರದೆ, ಪೊಳ್ಳುಕೋಶಗಳನ್ನು ಒಂದೊಂದಾಗಿ ಬಳಸಿಕೊಂಡು ಸಾಗಬೇಕಾಗುತ್ತದೆ. ಅಡ್ಡದಿಕ್ಕಿನಲ್ಲಿಯೂ ಏಕರೂಪತೆಯಿಲ್ಲ: ತಿರುಳಿನಿಂದ ತೊಗಟೆಗೆ ಹೋಗುವ ತ್ರಿಜ್ಯದ ದಾರಿಯಲ್ಲಿ ವೇಗ ಅಧಿಕ, ವರ್ಷವಲಯಗಳಿಗೆ ಸ್ಪರ್ಶಕವಾದ ದಾರಿಯಲ್ಲಿ ಅದಕ್ಕಿಂತ ಕಡಮೆ, ವಲಯಗಳಿಗೆ 45 ಅಂಶದ ಓರೆಯಲ್ಲಿ ಎಲ್ಲಕ್ಕಿಂತ ಕಡಮೆ. ಲೋಹಪರೀಕ್ಷಕನಿಗೆ ಇಲ್ಲದ ಈ ದಿಗ್ಭೇದದ ತೊಡಕು ದಾರುಪರೀಕ್ಷಕನನ್ನು ಹೆಜ್ಜೆಹೆಜ್ಜೆಗೂ ಕಾಡುತ್ತದೆ. ತೇವದ ಪ್ರಮಾಣ ಏರಿದಂತೆಲ್ಲ ವೇಗ ಇಳಿಯುವುದೂ, ಜಾತಿಯಿಂದ ಜಾತಿಗೆ ಬೆಲೆಗಳು ಬೇರೆಯಾಗುವುದೂ ಈ ತೊಡಕಿಗೆ ಸೇರಿಸಬೇಕಾದ ಅಂಶಗಳು.

ಕೊಳೆತ ಬಂದಾಗ ವೇಗ ಏಕೆ ಕುಗ್ಗುತ್ತದೆ? ಶಿಲೀಂಧ್ರವು ಮರದ ತೂಕವನ್ನು ತಿನ್ನುವುದಕ್ಕಿಂತ ಮೊದಲೇ ಅದರ ಬಿಗಿಯನ್ನು ತಿನ್ನುತ್ತದೆ. ಕಂದುಗೊಳೆತವನ್ನುಂಟುಮಾಡುವ ಶಿಲೀಂಧ್ರಗಳು ವಿಶೇಷವಾಗಿ ಹೀಗೆ ವರ್ತಿಸುವುವು: ಕೋಶಭಿತ್ತಿಗೆ ಬಲವನ್ನು ಕೊಡುವ ಸೆಲ್ಯುಲೋಸಿನ ದೀರ್ಘಶೃಂಖಲೆಗಳನ್ನು ಅವು ಆರಂಭದಲ್ಲೇ ತುಂಡರಿಸಿಬಿಡುವುದರಿಂದ, ತೂಕದಲ್ಲಿ ಅಷ್ಟಾಗಿ ವ್ಯತ್ಯಾಸ ತೋರದಿರುವಾಗಲೇ ಮರ ನಿಶ್ಶಕ್ತವಾಗಿರುತ್ತದೆ. ಸಾಂದ್ರತೆ ನೂರಕ್ಕೆ 10ರಷ್ಟು ಇಳಿದು, ಸ್ಥಿತಿಸ್ಥಾಪಕತ್ವ ಅರ್ಧಕ್ಕೆ ಬಂದಿದೆಯೆಂದು ಭಾವಿಸಿದರೆ, ಮೇಲೆ ಹೇಳಿದ ಸೂತ್ರದಂತೆ ಧ್ವನಿ ಅದೇ ದೂರವನ್ನು ಕ್ರಮಿಸಲು ತೆಗೆದುಕೊಳ್ಳುವ ಕಾಲ ಮೂರರಲ್ಲೊಂದು ಪಾಲಿನಷ್ಟು ಹೆಚ್ಚುತ್ತದೆ. ಹಾದುಬರುವ ಕಾಲ ನೂರಕ್ಕೆ 30ರಷ್ಟು ಹೆಚ್ಚಿದ್ದರೆ ಶಕ್ತಿಯಲ್ಲಿ ಅರ್ಧ ನಷ್ಟವಾಗಿದೆಯೆಂದೂ, 50ರಷ್ಟು ಹೆಚ್ಚಿದ್ದರೆ ಕೊಳೆತ ತೀವ್ರವಾಗಿದೆಯೆಂದೂ ಅಮೆರಿಕದ ಪರೀಕ್ಷಕರು ಅನುಭವದಿಂದ ಕಂಡುಕೊಂಡಿರುವ ಸ್ಥೂಲನಿಯಮ ಈ ಲೆಕ್ಕಾಚಾರಕ್ಕೆ ತಕ್ಕಮಟ್ಟಿಗೆ ಹೊಂದಿಕೊಳ್ಳುವುದು ಸಮಾಧಾನದ ವಿಷಯ.

ಪೊಳ್ಳಿನ ವಿಚಾರ ಇದಕ್ಕಿಂತ ಸೂಕ್ಷ್ಮವಾದುದು. ಇಲ್ಲಿ ಸಾಮಾನ್ಯರ ಊಹೆ ತಪ್ಪುವುದುಂಟು. ಮರದ ನಡುವೆ ದೊಡ್ಡ ತೂತಿದ್ದರೆ ಧ್ವನಿ ಅಲ್ಲಿಯೇ ತಡೆದು ನಿಲ್ಲುತ್ತದೆಂದು ಅನೇಕರು ಭಾವಿಸುತ್ತಾರೆ. ವಾಸ್ತವದಲ್ಲಿ ಅದು ತೂತನ್ನು ಬಳಸಿಕೊಂಡು ಹೋಗುತ್ತದೆ, ಗಡಿಯಾರ ಅಳೆಯುವುದು ಆ ಬಳಸುದಾರಿಯ ಕಾಲವನ್ನು. ಅಡ್ಡಳತೆ 60 ಸೆಂಟಿಮೀಟರ್ ಇರುವ ಕಾಂಡದ ನಟ್ಟನಡುವೆ 30 ಸೆಂಟಿಮೀಟರ್ ಅಡ್ಡಳತೆಯ ಪೊಟರೆಯಿದೆಯೆಂದು ಇಟ್ಟುಕೊಳ್ಳೋಣ. ಎದುರುಬದುರಿನ ಎರಡು ಬಿಂದುಗಳ ನಡುವೆ ಪೊಟರೆಯನ್ನು ಒರೆಸಿಕೊಂಡು ಸಾಗುವ ಅತಿ ಹ್ರಸ್ವವಾದ ಹಾದಿಯ ಉದ್ದ ರೇಖಾಗಣಿತದಂತೆ 68 ಸೆಂಟಿಮೀಟರಿಗೆ ಸ್ವಲ್ಪ ಕಡಮೆ. ಎಂದರೆ ಗಟ್ಟಿಮರಕ್ಕಿಂತ ನೂರಕ್ಕೆ 13ರಷ್ಟು ಮಾತ್ರ ಅಧಿಕ. ಅಡ್ಡಳತೆಯ ಅರ್ಧವನ್ನೇ ನುಂಗಿದ ಪೊಳ್ಳು ಕಾಲದಲ್ಲಿ ಇಷ್ಟು ಅಲ್ಪವಾದ ವ್ಯತ್ಯಾಸವನ್ನು ತೋರುವುದಾದರೆ, ಜಾತಿಭೇದದಿಂದಲೋ ತೇವದಿಂದಲೋ ಅಷ್ಟೇ ವ್ಯತ್ಯಾಸ ಬರಬಹುದಾದ್ದರಿಂದ, ಒಂದೇ ಒಂದು ಅಳತೆಯನ್ನು ನೆಚ್ಚಿ ತೀರ್ಪು ಕೊಡುವುದು ಎಷ್ಟು ಅಪಾಯಕರವೆಂಬುದು ತಾನಾಗಿ ವಿಶದವಾಗುತ್ತದೆ. ನಿಜವಾದ ಮರದಲ್ಲಿ ಬಳಸುದಾರಿಯ ಬಹುಭಾಗ ವೇಗ ಕಡಮೆಯಿರುವ ಓರೆದಿಕ್ಕಿನಲ್ಲಿ ಬೀಳುವುದರಿಂದಲೂ, ಪೊಟರೆಯ ಅಂಚು ಸಾಮಾನ್ಯವಾಗಿ ಮೆತ್ತಗಾಗಿರುವುದರಿಂದಲೂ ಕಾಲ ಇನ್ನಷ್ಟು ಹೆಚ್ಚುತ್ತದೆಂಬುದು ಪರೀಕ್ಷಕನ ಭಾಗ್ಯ.

ಆಚರಣೆಯಲ್ಲಿರುವ ವಿಧಾನಗಳಲ್ಲಿ ಸುತ್ತಿಗೆಯ ಬಡಿತ ಇಂದಿಗೂ ತನ್ನ ಸ್ಥಾನವನ್ನು ಕಳೆದುಕೊಂಡಿಲ್ಲ. ಆದರೆ ಅದು ತೆಳುವಾದ ಮರಕ್ಕೂ ಬಹಳ ಮುಂದುವರಿದ ಕೊಳೆತಕ್ಕೂ ಮಾತ್ರ ಒಪ್ಪುತ್ತದೆ, 10 ಸೆಂಟಿಮೀಟರಿಗಿಂತ ದಪ್ಪವಾದ ತೊಲೆಗಳಲ್ಲಿ ಕಿವಿಯ ಸಾಕ್ಷ್ಯವನ್ನು ನಂಬುವುದು ಕಷ್ಟ. ಅದರ ನೇರ ಉತ್ತರಾಧಿಕಾರಿಯೆಂದರೆ ಆಘಾತತರಂಗದ ಕಾಲಮಾಪನ. ಮರದ ಒಂದು ಮಗ್ಗುಲಿಗೆ ಒಂದು, ಎದುರುಮಗ್ಗುಲಿಗೆ ಒಂದು ಸಂವೇದಕವನ್ನು ಜೋಡಿಸಿ, ಮೊದಲನೆಯದರ ಬಳಿ ಸುತ್ತಿಗೆಯಿಂದ ತಟ್ಟಿದರೆ, ಆ ತಟ್ಟಿನೊಂದಿಗೆ ಎಣಿಕೆಯನ್ನಾರಂಭಿಸಿದ ವಿದ್ಯುನ್ಮಾನ ಗಡಿಯಾರವು ತರಂಗವು ಎರಡನೆಯ ಸಂವೇದಕವನ್ನು ಮುಟ್ಟಿದೊಡನೆ ನಿಲ್ಲುತ್ತದೆ. ಎಣಿಕೆಯ ಮಾನ ಮೈಕ್ರೊಸೆಕೆಂಡು, ಎಂದರೆ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು. ಡಗ್ಲಸ್ ಫರ್ ಎಂಬ ಅಮೆರಿಕದ ಪ್ರಸಿದ್ಧ ನಾಟಾಮರದಲ್ಲಿ ನಾರಿಗೆ ಅಡ್ಡಲಾಗಿ ಒಂದು ಮೀಟರು ಸಾಗಲು ತರಂಗಕ್ಕೆ ಸುಮಾರು 800 ಮೈಕ್ರೊಸೆಕೆಂಡು ಬೇಕು. ತೀವ್ರವಾಗಿ ಕೊಳೆತ ಅದೇ ಜಾತಿಯ ಮರದಲ್ಲಿ 3,200 ಅಥವಾ ಅದಕ್ಕೂ ಮೇಲ್ಪಟ್ಟ ಬೆಲೆಗಳು ಕಂಡುಬಂದಿವೆ. ಸೇತುವೆಯ ತೊಲೆಗಳು, ವಿದ್ಯುತ್ಕಂಬಗಳು, ಹಳೆಯ ಕಟ್ಟಡಗಳ ಛಾವಣಿಗಳು ಈ ವಿಧಾನದ ಮುಖ್ಯ ಕಾರ್ಯಕ್ಷೇತ್ರ. 1797ರಲ್ಲಿ ಬಾಸ್ಟನ್ನಿನಲ್ಲಿ ನೀರಿಗಿಳಿದು, ಓಕ್ ಮರದ ತನ್ನ ದೃಢತೆಯಿಂದ ‘ಹಳೆಯ ಕಬ್ಬಿಣಮೈಯ ಹಡಗು’ ಎಂಬ ಬಿರುದನ್ನು ಪಡೆದ ‘ಕಾನ್‌ಸ್ಟಿಟ್ಯೂಶನ್’ ಯುದ್ಧನೌಕೆಯ ದಾರುಭಾಗಗಳನ್ನು ಮ್ಯಾಡಿಸನ್ನಿನ ತಜ್ಞರು 1990ರ ದಶಕದಲ್ಲಿ ಪರಿಶೀಲಿಸಿದಾಗಲೂ ಇಂಥ ಅನಾಶಕ ಪರೀಕ್ಷೆಗಳನ್ನೇ ಆಶ್ರಯಿಸಿದರು. ರಾಷ್ಟ್ರಸ್ಮಾರಕವನ್ನು ಕೊರೆದು ನೋಡುವ ಧೈರ್ಯ ಯಾರಿಗೂ ಇರಲಾರದಷ್ಟೆ.

ಶ್ರವಣಾತೀತ ತರಂಗಗಳ ವಿಧಾನದಲ್ಲಿ ಸುತ್ತಿಗೆಯ ಬದಲು ವಿದ್ಯುತ್ತಿನಿಂದ ಕಂಪಿಸುವ ಸ್ಫಟಿಕ ಕೆಲಸ ಮಾಡುತ್ತದೆ. ವೈದ್ಯರು ಗರ್ಭಸ್ಥ ಶಿಶುವನ್ನು ನೋಡಲು ಬಳಸುವ ತರಂಗಗಳ ಆವೃತ್ತಿ ಸೆಕೆಂಡಿಗೆ ಕೆಲವು ಹತ್ತು ಲಕ್ಷಗಳಷ್ಟು. ಮರದಲ್ಲಿ ಅಂಥ ತರಂಗ ಕೆಲವೇ ಸೆಂಟಿಮೀಟರುಗಳಲ್ಲಿ ಉಡುಗಿಹೋಗುವುದರಿಂದ 20ರಿಂದ 100 ಕಿಲೊಹರ್ಟ್ಸ್‌ಗಳ ಮಂದ ಆವೃತ್ತಿಗೆ ತೃಪ್ತಿಪಡಬೇಕಾಗುತ್ತದೆ. ಈ ತೃಪ್ತಿಗೆ ಬೆಲೆಯುಂಟು. 50 ಕಿಲೊಹರ್ಟ್ಸ್ ತರಂಗದ ಉದ್ದ ನಾರಿಗೆ ಅಡ್ಡಲಾಗಿ ಎರಡೂವರೆ ಸೆಂಟಿಮೀಟರಿನಷ್ಟೂ, ನಾರಿನ ಗುಂಟ 10 ಸೆಂಟಿಮೀಟರಿನಷ್ಟೂ ಆಗುವುದು. ತನ್ನ ಉದ್ದಕ್ಕಿಂತ ಬಹಳ ಸಣ್ಣದಾದ ದೋಷವನ್ನು ತರಂಗ ಲಕ್ಷಿಸದೆ ದಾಟಿಬಿಡುತ್ತದೆ. ಆದುದರಿಂದ ಕೂದಲೆಳೆಯ ಬಿರುಕನ್ನೂ ಎಳೆಯ ಕೊಳೆತದ ಮೊದಲ ಮಚ್ಚೆಯನ್ನೂ ಈ ವಿಧಾನದಿಂದ ನಿರೀಕ್ಷಿಸಲಾಗದು. ಇದರ ವಿಶೇಷ ಗುಣವಿರುವುದು ಕಾಲದ ಜೊತೆಗೆ ಕ್ಷೀಣತೆಯನ್ನೂ ಅಳೆಯಬಲ್ಲ ಶಕ್ತಿಯಲ್ಲಿ. ಕೊಳೆತ ಮರವು ತರಂಗವನ್ನು ನಿಧಾನಿಸುವುದಕ್ಕಿಂತ ಮೊದಲೇ ಅದರ ಬಲವನ್ನು, ವಿಶೇಷವಾಗಿ ತೀವ್ರ ಆವೃತ್ತಿಯ ಅಂಶಗಳನ್ನು, ಹೀರಿಕೊಳ್ಳತೊಡಗುವುದುಂಟು. ಕಾರ್ಖಾನೆಗಳಲ್ಲಿ ಪ್ಲೈವುಡ್ ಮತ್ತು ಮರದ ಹೊಟ್ಟಿನ ಹಲಗೆಗಳು ಒತ್ತುಯಂತ್ರದಿಂದ ಹೊರಬೀಳುತ್ತಿದ್ದಂತೆಯೇ ಅವುಗಳ ಮೂಲಕ ಗಾಳಿಯಲ್ಲೇ ಶ್ರವಣಾತೀತ ಧ್ವನಿಯನ್ನು ಹಾಯಿಸಿ, ಪದರಗಳು ಅಂಟದೆ ಬಿಟ್ಟ ಜಾಗಗಳನ್ನು ಹಿಡಿಯುವ ಏರ್ಪಾಡು ಈಗ ವಾಡಿಕೆಯಾಗಿದೆ. ಅಂಟದ ಜಾಗದ ತೆಳುವಾದ ಗಾಳಿಪದರ ಧ್ವನಿಯನ್ನು ಬಹುತೇಕ ಪೂರ್ತಿಯಾಗಿ ಹಿಂದಕ್ಕಟ್ಟುವುದರಿಂದ ಅಲ್ಲಿ ಸಂದೇಹಕ್ಕೆ ಎಡೆಯಿರುವುದಿಲ್ಲ.

ಅನುರಣನದ ವಿಧಾನ ಸರಳವೂ ವೇಗವೂ ಆದುದು. ಕಡಿದ ದಿಮ್ಮಿಯ ಒಂದು ಮುಖಕ್ಕೆ ಬಡಿದರೆ ತರಂಗವು ತುದಿಯಿಂದ ತುದಿಗೆ ಹಲವು ಬಾರಿ ಹೋಗಿಬಂದು, ದಿಮ್ಮಿಯ ಉದ್ದಕ್ಕೆ ಹೊಂದುವ ಒಂದು ನಿಯತಸ್ವರವನ್ನು ಹುಟ್ಟಿಸುತ್ತದೆ. ಆ ಸ್ವರದ ಆವೃತ್ತಿಯನ್ನು ಉದ್ದದ ಇಮ್ಮಡಿಯಿಂದ ಗುಣಿಸಿದರೆ ವೇಗ ದೊರೆಯಿತು. 4 ಮೀಟರಿನ ದಿಮ್ಮಿ 500 ಹರ್ಟ್ಸ್‌ನಲ್ಲಿ ನುಡಿದರೆ ವೇಗ ಸೆಕೆಂಡಿಗೆ 4,000 ಮೀಟರ್. ದೋಷ ಯಾವ ಎಡೆಯಲ್ಲಿದೆಯೆಂಬುದನ್ನು ಇದು ತಿಳಿಸದು. ದಿಮ್ಮಿಯ ಸರಾಸರಿ ಬಿಗಿಯನ್ನಷ್ಟೇ ತಿಳಿಸುತ್ತದೆ. ಆದರೂ ಸಾವಿರಾರು ದಿಮ್ಮಿಗಳನ್ನು ಬಿಗಿಯಾದವು, ಸಡಿಲವಾದವು ಎಂದು ವಿಂಗಡಿಸಬೇಕಾದ ನ್ಯೂಜಿಲೆಂಡಿನ ಪೈನ್ ತೋಪುಗಳಂಥ ಕಡೆ ಇದರ ಉಪಯುಕ್ತತೆ ನಿರ್ವಿವಾದ.

ಇವೆಲ್ಲಕ್ಕಿಂತ ಜನಪ್ರಿಯವಾಗಿರುವುದು, ಮತ್ತು ಈ ಲೇಖಕನ ಅಭಿಪ್ರಾಯದಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಅಪಾರ್ಥಕ್ಕೆ ಗುರಿಯಾಗಿರುವುದು, ಧ್ವನಿಯ ಛೇದಚಿತ್ರಣ. ಒಂದು ವಸ್ತುವಿನ ಮೂಲಕ ಎಲ್ಲ ದಿಕ್ಕುಗಳಲ್ಲಿಯೂ ಎಳೆದ ರೇಖೆಗಳ ಮೇಲಣ ಮೊತ್ತಗಳು ತಿಳಿದರೆ ಅದರ ಒಳರೂಪವನ್ನು ಮರಳಿ ರಚಿಸಬಹುದೆಂದು ಆಸ್ಟ್ರಿಯದ ಗಣಿತಜ್ಞ ಯೋಹಾನ್ ರಾಡೋನ್ 1917ರಲ್ಲಿ ಸಾಧಿಸಿ ತೋರಿಸಿದ್ದನು. ವೈದ್ಯಕೀಯದಲ್ಲಿ ಕ್ಷಕಿರಣದ ಛೇದಚಿತ್ರಗಳಿಗೆ ತಳಹದಿಯಾದ ಈ ಪ್ರಮೇಯವೇ ಧ್ವನಿಯ ಛೇದಚಿತ್ರಕ್ಕೂ ಮೂಲ. ನಿಂತ ಮರದ ಸುತ್ತ ಒಂದೇ ಎತ್ತರದಲ್ಲಿ ಎಂಟು, ಹತ್ತು, ಹನ್ನೆರಡು ಸಂವೇದಕಗಳನ್ನು, ತೊಗಟೆಯನ್ನು ದಾಟಿ ಮರವನ್ನು ಮುಟ್ಟುವ ಸಣ್ಣ ಮೊಳೆಗಳಿಗೆ ಸಿಕ್ಕಿಸಿ, ಒಂದೊಂದನ್ನೇ ಸರದಿಯಂತೆ ತಟ್ಟಿ, ಉಳಿದೆಲ್ಲವಕ್ಕೂ ತರಂಗ ಮುಟ್ಟುವ ಕಾಲವನ್ನು ಬರೆದುಕೊಳ್ಳುತ್ತಾರೆ. ಹನ್ನೆರಡು ಸಂವೇದಕಗಳಿದ್ದರೆ 66 ಹಾದಿಗಳು ದೊರೆತು, ಕಾಂಡದ ಅಡ್ಡಕೊಯ್ತದ ಮೇಲೆ ಜಾಲದಂತೆ ಹರಡುತ್ತವೆ. ಗಣಕಯಂತ್ರ ಅವುಗಳನ್ನು ಬೆಸೆದು, ವೇಗ ಹೆಚ್ಚಿರುವ ಜಾಗಕ್ಕೆ ಒಂದು ಬಣ್ಣ, ಕಡಮೆಯಿರುವ ಜಾಗಕ್ಕೆ ಮತ್ತೊಂದು ಬಣ್ಣ ಕೊಟ್ಟು ಚಿತ್ರವನ್ನು ಬಿಡಿಸುತ್ತದೆ. ಜರ್ಮನಿಯಲ್ಲಿ ತಯಾರಾಗುವ ‘ಪಿಕಸ್’, ‘ಆರ್ಬೊಟಾಮ್’, ಹಂಗೆರಿಯ ‘ಫಾಕಾಪ್’ ಎಂಬ ಉಪಕರಣಗಳು ಈ ಕಾರ್ಯಕ್ಕೆ ಹೆಸರಾದವು.

ಚಿತ್ರದ ಬಣ್ಣಗಳು ಮನೋಹರವಾದವು. ಅಪಾಯವಿರುವುದೂ ಆ ಮನೋಹರತೆಯಲ್ಲಿಯೇ. ವೇಗ ಕಡಮೆಯಾದ ಜಾಗ ಪೊಳ್ಳಾಗಿರಬಹುದು, ಒದ್ದೆಯಾದ ಕೊಳೆತವಾಗಿರಬಹುದು, ಎರಡು ಕಾಂಡಗಳು ಕೂಡಿ ಬೆಳೆದಾಗ ನಡುವೆ ಸಿಕ್ಕಿಕೊಂಡ ತೊಗಟೆಯಾಗಿರಬಹುದು. ಧ್ವನಿ ಇವುಗಳಲ್ಲಿ ಭೇದವೆಣಿಸದು. ತಿರುಳಿನಿಂದ ಹೊರಕ್ಕೆ ಹಾಯ್ದ ನಕ್ಷತ್ರಾಕಾರದ ಬಿರುಕುಗಳಂತೂ, ಮರದ ವಸ್ತುವೆಲ್ಲ ಗಟ್ಟಿಯಾಗಿಯೇ ಇದ್ದರೂ, ತರಂಗಗಳನ್ನು ಸುತ್ತಿ ಬಳಸುವಂತೆ ಮಾಡಿ, ಚಿತ್ರದಲ್ಲಿ ಒಂದು ಭಾರಿ ಪೊಟರೆಯನ್ನೇ ತೋರಿಸಿಬಿಡುತ್ತವೆ. ಈ ಸಂಶಯವನ್ನು ಬಿಡಿಸಲು ವಿದ್ಯುದ್ರೋಧದ ಛೇದಚಿತ್ರವನ್ನು ಜೊತೆಗಿರಿಸಿಕೊಳ್ಳುವುದುಂಟು: ಒದ್ದೆಯಾದ ಕೊಳೆತದಲ್ಲಿ ವಿದ್ಯುತ್ತು ಸುಲಭವಾಗಿ ಹರಿಯುವುದು, ಬರಿದಾದ ಪೊಳ್ಳಿನಲ್ಲಿ ಹರಿಯದು. ಕಡೆಯ ನಿರ್ಣಯಕ್ಕೆ ಕೆಲವು ಮಿಲಿಮೀಟರ್ ದಪ್ಪದ ಸೂಜಿಬೈರಿಗೆಯನ್ನು ಸಂಶಯದ ಜಾಗದಲ್ಲಿ ತೂರಿಸಿ, ಅದು ಎದುರಿಸಿದ ಪ್ರತಿರೋಧವನ್ನು ದಾಖಲಿಸುವುದೇ ಉತ್ತಮ. ಧ್ವನಿಚಿತ್ರ ಎಲ್ಲಿ ಕೊರೆಯಬೇಕೆಂಬುದನ್ನು ಹೇಳುತ್ತದೆ. ಕಡಿಯಬೇಕೇ ಬೇಡವೇ ಎಂಬುದನ್ನಲ್ಲ.

ಪೊಟರೆ ಸಿದ್ಧಪಟ್ಟರೂ ಮರ ಬೀಳುತ್ತದೆಂದು ಅರ್ಥವಲ್ಲ. ಪೊಳ್ಳುಕೊಳವೆ ಬಾಗುವಿಕೆಯನ್ನು ತಡೆಯುವ ಬಲ ಒಳ ಅಡ್ಡಳತೆಯ ನಾಲ್ಕನೆಯ ಘಾತವನ್ನು ಅನುಸರಿಸಿ ಕುಗ್ಗುವುದರಿಂದ, ಅಡ್ಡಳತೆಯ ನೂರಕ್ಕೆ 70ರಷ್ಟು ಪೊಳ್ಳಾದ ಕಾಂಡ ಕೂಡ ಲೆಕ್ಕದ ಪ್ರಕಾರ ತನ್ನ ಬಲದ ಕಾಲುಭಾಗವನ್ನು ಮಾತ್ರ ಕಳೆದುಕೊಂಡಿರುತ್ತದೆ. ಜರ್ಮನಿಯ ಕಾರ್ಲ್ಸ್‌ರೂಹೆಯ ಕ್ಲೌಸ್ ಮಾಟೆಕ್ ಪ್ರಚಾರಕ್ಕೆ ತಂದ ನಿಯಮದಂತೆ, ಉಳಿದ ಗಟ್ಟಿಗೋಡೆಯ ದಪ್ಪ ಕಾಂಡದ ತ್ರಿಜ್ಯದ 0.3 ಪಾಲಿಗಿಂತ ಕಡಮೆಯಾದಾಗ ಅಪಾಯವನ್ನು ಶಂಕಿಸಬೇಕು. ಈ ನಿಯಮವನ್ನು ಪ್ರಶ್ನಿಸಿದವರೂ ಇದ್ದಾರೆ; ಪೊಟರೆಗೆ ಒಂದು ಮಗ್ಗುಲಲ್ಲಿ ಬಾಯಿ ಬಿಟ್ಟಿದ್ದರೆ, ಅಥವಾ ಅದು ನಡುವೆಯಿರದೆ ಒಂದು ಕಡೆಗೆ ಸರಿದಿದ್ದರೆ, ಸಂಖ್ಯೆ ಬೇರೆಯೇ ಆಗಬೇಕೆಂಬ ಅವರ ಮಾತು ನ್ಯಾಯವಾದುದು. ಏನೇ ಇರಲಿ, ಪೊಳ್ಳೆಂದೊಡನೆ ಗರಗಸ ಹಿಡಿಯುವ ಅವಸರಕ್ಕೆ ಯಂತ್ರಶಾಸ್ತ್ರದ ಸಮರ್ಥನೆಯಿಲ್ಲ.

ಇದುವರೆಗೆ ಹೇಳಿದ ವಿಧಾನಗಳಲ್ಲೆಲ್ಲ ಪರೀಕ್ಷಕನು ಧ್ವನಿಯನ್ನು ಕೊಟ್ಟು ಪಡೆಯುತ್ತಾನೆ. ಮರ ತಾನಾಗಿ ಹೊರಡಿಸುವ ಧ್ವನಿಯನ್ನು ಸುಮ್ಮನೆ ಆಲಿಸುವ ಮತ್ತೊಂದು ಕ್ರಮವೂ ಉಂಟು. ಜಪಾನಿನ ಭೂಕಂಪಶಾಸ್ತ್ರಜ್ಞ ಕಿಶಿನೊಯೆ 1930ರ ದಶಕದ ಆದಿಭಾಗದಲ್ಲಿ, ಭೂಮಿಯ ಹೊರಪದರ ಬಿರಿಯುವ ಬಗೆಯನ್ನು ಅರಿಯಬಯಸಿ, ಬಾಗಿಸಿದ ಹಲಗೆಗೆ ಗ್ರಾಮಫೋನಿನ ಮುಳ್ಳನ್ನು ಚುಚ್ಚಿ, ಅದು ಮುರಿಯುವ ಮುನ್ನ ಹೊರಡಿಸುವ ಸೂಕ್ಷ್ಮ ಸಿಡಿತಗಳನ್ನು ವರ್ಧಿಸಿ ದಾಖಲಿಸಿದನು. ನಾಟಾವನ್ನು ಕಾವುಗೂಡಿನಲ್ಲಿ ಒಣಗಿಸುವಾಗ ಬಿರುಕು ಹುಟ್ಟುವ ಸೂಚನೆಯನ್ನು ಹೀಗೆ ಆಲಿಸಿ ಶಾಖವನ್ನು ತಗ್ಗಿಸುವ ಪ್ರಯೋಗಗಳು ನಡೆದಿವೆ. ಗೆದ್ದಲು ನಾರನ್ನು ಕಡಿದು ಹರಿಯುವಾಗ ಹುಟ್ಟುವ ಶ್ರವಣಾತೀತ ಸಿಡಿತಗಳನ್ನು ಹಿಡಿಯುವ ಸಂವೇದಕಗಳೂ ಬಂದಿವೆ. ಸೈನಿಕ ಗೆದ್ದಲುಗಳು ಅಪಾಯ ಕಂಡಾಗ ತಲೆಯನ್ನು ಮರಕ್ಕೆ ಕುಟ್ಟಿ ಎಚ್ಚರಿಕೆ ಕೊಡುವುದಂತೂ ಬರಿಗಿವಿಗೂ ನಿಲುಕುವುದುಂಟು. ತೆಂಗಿನ ಕಾಂಡದೊಳಗೆ ಕೆಂಪುಮೂತಿ ಹುಳುವಿನ ಮರಿಗಳು ಮೇಯುವ ಕರಕರ ಶಬ್ದವನ್ನು ತೋಟದವರು ಕಾಂಡಕ್ಕೆ ಕಿವಿಯಿಟ್ಟು ಗುರುತಿಸುತ್ತಾರೆ. ಸುಳಿ ಬಾಡುವ ಹೊತ್ತಿಗೆ ಮರ ಉಳಿಯುವ ಕಾಲ ಮೀರಿರುವುದರಿಂದ, ಆ ಶಬ್ದವನ್ನು ಮೊದಲೇ ಹಿಡಿಯುವ ಸೂಕ್ಷ್ಮಶ್ರಾವಕಗಳಿಗಾಗಿ ತೆಂಗು ಮತ್ತು ಖರ್ಜೂರ ಬೆಳೆಯುವ ದೇಶಗಳಲ್ಲಿ ಸಂಶೋಧನೆ ನಡೆಯುತ್ತಿದೆ. ತೆಂಗು, ಅಡಕೆ ಮುಂತಾದ ತಾಳಜಾತಿಯ ಮರಗಳ ವಿಷಯದಲ್ಲಿ ಒಂದು ಎಚ್ಚರಿಕೆ ಸಲ್ಲತಕ್ಕದ್ದು. ಇವಕ್ಕೆ ವರ್ಷವಲಯಗಳಿಲ್ಲ; ಕಾಂಡದ ಹೊರಭಾಗ ಅತಿ ಗಡುಸು, ಒಳಭಾಗ ಸ್ವಭಾವತಃ ಹಗುರ ಮತ್ತು ಮೃದು. ಇತರ ಮರಗಳಿಗಾಗಿ ರೂಪಿಸಿದ ಮಾನದಂಡದಿಂದ ಇವನ್ನು ಅಳೆದರೆ ಆರೋಗ್ಯವೇ ರೋಗವಾಗಿ ತೋರಬಹುದು.

ಕರ್ನಾಟಕದಲ್ಲಿ ದಾರುವಿಜ್ಞಾನದ ಕೇಂದ್ರವೆಂದರೆ ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ. ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ, ಅರಣ್ಯ ಸಂಶೋಧನ ಪ್ರಯೋಗಾಲಯವಾಗಿ ಆರಂಭವಾದ ಇದು 1988ರಲ್ಲಿ ಈಗಿನ ರೂಪವನ್ನು ತಳೆಯಿತು. ಧ್ವನಿಪರೀಕ್ಷೆಗೆ ಇಲ್ಲಿ ಕೆಲಸವೇನೂ ಕಡಮೆಯಿಲ್ಲ. ಮುಂಗಾರುಪೂರ್ವದ ಗಾಳಿಮಳೆಗೆ ಬೆಂಗಳೂರಿನ ಬೀದಿಬದಿಯ ಗುಲ್‌ಮೊಹರ್, ಮಳೆಮರ ಮೊದಲಾದವು ಪ್ರತಿವರ್ಷ ಉರುಳುವುದು, ಅವುಗಳಲ್ಲಿ ಕೆಲವು ಒಳಗೆ ಪೊಳ್ಳಾಗಿದ್ದುದು ಉರುಳಿದ ಮೇಲೆ ಗೊತ್ತಾಗುವುದು ಪತ್ರಿಕೆಗಳನ್ನು ಓದುವ ಯಾರಿಗೂ ಹೊಸ ಸುದ್ದಿಯಲ್ಲ. ಆದರೆ ಕಾಂಡಕ್ಕೆ ಸಂವೇದಕಗಳನ್ನು ಕಟ್ಟಿ ಪಡೆದ ಚಿತ್ರವು ಆ ಎತ್ತರದ ಕಾಂಡವನ್ನು ಕುರಿತ ಸಾಕ್ಷ್ಯವೇ ಹೊರತು ಬೇರಿನದಲ್ಲ. ಕಾಲುವೆಗೂ ಕೊಳವೆಗೂ ಕಾಂಕ್ರೀಟಿಗೂ ಬೇರನ್ನು ಬಲಿಗೊಟ್ಟ ಮರ ನಿಷ್ಕಳಂಕವಾದ ಧ್ವನಿಚಿತ್ರವನ್ನು ಕೊಟ್ಟ ಮರುದಿನವೇ ಬುಡಸಹಿತ ಕಿತ್ತುಬೀಳಬಹುದು. ಹಳೆಯ ತೊಟ್ಟಿಮನೆಗಳ ಕಂಬಗಳು, ಶ್ರೀರಂಗಪಟ್ಟಣದ ದರಿಯಾ ದೌಲತ್ತಿನಂಥ ತೇಗದ ಅರಮನೆಗಳು ಕೂಡ ಈ ವಿದ್ಯೆಗೆ ತಕ್ಕ ಕ್ಷೇತ್ರಗಳು; ಬಣ್ಣದ ಚಿತ್ತಾರವಿರುವ ಮರಕ್ಕೆ ಬೈರಿಗೆ ಹಾಕುವುದು ಎಲ್ಲಿ ನಿಷಿದ್ಧವೋ ಅಲ್ಲಿ ಕಿವಿಯೊಂದೇ ಗತಿ.

ವಿದೇಶದ ಉಪಕರಣದೊಡನೆ ಬರುವ ಕೋಷ್ಟಕಗಳು ಓಕ್, ಬೀಚ್, ಸ್ಪ್ರೂಸ್, ಪೈನ್ ಮರಗಳನ್ನು ಮುಖ್ಯವಾಗಿಟ್ಟುಕೊಂಡು ಸಿದ್ಧಪಡಿಸಿದವು. ಹೊನ್ನೆ, ಮತ್ತಿ, ನಂದಿ, ಬೀಟೆ, ಹಲಸುಗಳಿಗೆ ಆ ಸಂಖ್ಯೆಗಳನ್ನು ಹಚ್ಚುವುದು ಯುಕ್ತವಲ್ಲ. ಆದುದರಿಂದ ಈ ಉಪಕರಣವನ್ನು ಕೈಗೆತ್ತಿಕೊಳ್ಳುವ ಅರಣ್ಯಾಧಿಕಾರಿಗಳೂ ನಗರಸಭೆಗಳ ಮರಪಾಲಕರೂ ಸಂಶಯದ ಮರವನ್ನು ತಟ್ಟುವುದಕ್ಕೆ ಮೊದಲು, ಅದೇ ಜಾತಿಯ, ಅದೇ ಗಾತ್ರದ, ನಿಸ್ಸಂಶಯವಾಗಿ ಗಟ್ಟಿಯಾದ ಮರವೊಂದನ್ನು ಅದೇ ಋತುವಿನಲ್ಲಿ ತಟ್ಟಿ, ತ್ರಿಜ್ಯದ ದಿಕ್ಕಿನ ಕಾಲವನ್ನು ಮರದ ಹೆಸರು, ಸುತ್ತಳತೆ, ತಿಂಗಳುಗಳೊಡನೆ ಬರೆದಿಟ್ಟು, ಆ ಬರಹವನ್ನು ಇತರ ಪರೀಕ್ಷಕರಿಗೂ ದೊರೆಯುವಂತೆ ಮಾಡಬೇಕು.